ಫ್ಯೂಸ್ ಜಾಗಕ್ಕೆ ಒಂದು ಬಲ್ಬು

ಸಕಲೇಶಪುರದ ಕಡೆಯಿಂದ ಬಿಸಿಲೆ ಘಾಟಿ ಇಳಿದು ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗುವಾಗ ಜೀಪಿನ ಒಳಗಿನ ಲೈಟು ಹೋದ್ರೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಆದರೆ ಕೆಲವು ಗಾಡಿಗಳಲ್ಲಿ ಹಾರ್ನ್ ಅಥವಾ ಬ್ರೇಕ್ ಲೈಟು ಕೂಡ ಅದೇ ಫ್ಯೂಸಿಗೆ ಸೇರಿಕೊಂಡಿರುತ್ತೆ. ಮಳೆಗಾಲದ ಮಂಜಿನಲ್ಲಿ, ಆ ತಿರುವುಗಳಲ್ಲಿ, ನಾವು ಬ್ರೇಕ್ ಹಾಕಿದ್ದು ಹಿಂದಿನವರಿಗೆ ಕಾಣದಿದ್ದರೆ ಏನಾಗಬಹುದು ಅಂತ ಹೇಳಬೇಕಾಗಿಲ್ಲ. ಯಾವ ಫ್ಯೂಸಿಗೆ ಏನೇನು ಸೇರಿದೆ ಅನ್ನೋದು ಸಾಮಾನ್ಯವಾಗಿ ಫ್ಯೂಸ್ ಬಾಕ್ಸಿನ ಮುಚ್ಚಳದ ಮೇಲೇ ಇರುತ್ತೆ.

ಹೊಸ ಫ್ಯೂಸ್ ಹಾಕಿದ ತಕ್ಷಣ ಅದೂ ಸುಟ್ಟರೆ ಸ್ವಲ್ಪ ಲೆಕ್ಕ ಮಾಡೋಣ. 12 ವೋಲ್ಟ್, 10 ವ್ಯಾಟ್ ಬಲ್ಬು ಎಳೆಯೋದು 0.83 ಆಂಪಿಯರ್ ಮಾತ್ರ. 10 ಆಂಪಿಯರ್ ಫ್ಯೂಸನ್ನು ಅದು ಸುಡಲಾರದು. ಅಂದರೆ ಕರೆಂಟು ಬಲ್ಬಿಗೆ ಹೋಗದೆ ಅಡ್ಡದಾರಿಯಲ್ಲಿ ಬಾಡಿಗೆ ಸೇರುತ್ತಿದೆ. ಆ ದಾರಿಯ ರೆಸಿಸ್ಟೆನ್ಸ್ 0.1 ಓಮ್ ಇದ್ದರೆ 120 ಆಂಪಿಯರ್! ಕೆಂಪು 10ರ ಬದಲು ಹಳದಿ 20 ಹಾಕೋದು, ತಾಮ್ರದ ಎಳೆ ಸುತ್ತೋದು, ಇವೆಲ್ಲ ವೈರನ್ನೇ ಫ್ಯೂಸ್ ಮಾಡಿದ ಹಾಗೆ. ಅದು ಸುಡೋದು ಸೀಟಿನ ಫೋಮಿನ ಪಕ್ಕದಲ್ಲಿ.

ಈಗ ದಾರಿ ನೋಡಿ: ಬ್ಯಾಟರಿ, ಫ್ಯೂಸ್, ಬಲ್ಬು, ಬಾಗಿಲಿನ ಸ್ವಿಚ್, ಬಾಡಿ. ಬಹಳಷ್ಟು ಗಾಡಿಗಳಲ್ಲಿ ಸ್ವಿಚ್ ಇರೋದು ಬಲ್ಬಿನ ಆಚೆ, ಅರ್ಥ್ ಕಡೆಗೆ. ಹಾಗಾಗಿ ಬಲ್ಬಿನ ನಂತರದ ವೈರು ಬಾಡಿಗೆ ತಗುಲಿದರೆ ಫ್ಯೂಸ್ ಸುಡಲ್ಲ, ಬಾಗಿಲು ಹಾಕಿದರೂ ಲೈಟು ಆರಲ್ಲ, ಅಷ್ಟೇ. (35 ಆಂಪಿಯರ್-ಅವರ್ ಬ್ಯಾಟರಿ ಲೆಕ್ಕದ ಪ್ರಕಾರ 42 ಗಂಟೆಯಲ್ಲಿ ಖಾಲಿ.) ಫ್ಯೂಸ್ ಸುಡುತ್ತಿದ್ದರೆ ತೊಂದರೆ ಫ್ಯೂಸಿಗೂ ಬಲ್ಬಿಗೂ ನಡುವೆ. ಒಂದು ಸ್ಕ್ರೂ ಬಿಚ್ಚುವ ಮೊದಲೇ ಅರ್ಧ ಹುಡುಕಾಟ ಮುಗಿಯಿತು.

ಇನ್ನು ಫ್ಯೂಸ್ ಸುಡುತ್ತಾ ಹುಡುಕೋದು ಬೇಡ. ಕೀ ತೆಗೆದು, ಒಳಗಿನ ಬಲ್ಬನ್ನು ಬಿಚ್ಚಿ, ಫ್ಯೂಸಿನ ಎರಡು ಕಾಲು ಕೂರುವ ಜಾಗಕ್ಕೆ 21 ವ್ಯಾಟಿನ ಇಂಡಿಕೇಟರ್ ಬಲ್ಬನ್ನು ಎರಡು ವೈರಿನಿಂದ ಸೇರಿಸಿ. ಶಾರ್ಟ್ ಇದ್ದರೆ ಅದು ಪೂರ್ತಿ ಬೆಳಕಿನಲ್ಲಿ ಉರಿಯುತ್ತೆ. ಹರಿಯೋದು ಹೆಚ್ಚೆಂದರೆ 1.75 ಆಂಪಿಯರ್, ಆದ್ದರಿಂದ ಏನೂ ಸುಡಲ್ಲ. ಈಗ ಒಂದೊಂದೇ ಕನೆಕ್ಟರ್ ಬಿಚ್ಚಿ, ವೈರು ಅಲ್ಲಾಡಿಸಿ. ಬಲ್ಬು ಆರಿದ ಕಡೆ ಕಳ್ಳ ಇದ್ದಾನೆ. ಮಂದವಾಗಿ ಉರಿದರೆ ಅದು ಶಾರ್ಟ್ ಅಲ್ಲ, ಅದೇ ಫ್ಯೂಸಿನ ಇನ್ಯಾವುದೋ ಲೋಡ್. ಮಲ್ಟಿಮೀಟರಿನ ಬೀಪ್ ನಂಬೋರು ಹುಷಾರು: ತಣ್ಣಗಿರುವ ಫಿಲಮೆಂಟಿನ ರೆಸಿಸ್ಟೆನ್ಸ್ ಒಂದೆರಡು ಓಮ್ ಅಷ್ಟೇ, ಬಲ್ಬು ಬಿಚ್ಚದೆ ಅಳೆದರೆ ಶಾರ್ಟ್ ಇಲ್ಲದಿದ್ದರೂ ಕೂಗುತ್ತೆ.

ನಾವು ನೋಡಿದ ಒಂದು ಎಸ್ಟೇಟ್ ಜೀಪಿನಲ್ಲಿ ಹಿಂದಿನ ಬಾಗಿಲು ಅರ್ಧ ತೆರೆದಾಗ ಮಾತ್ರ ಬಲ್ಬು ಉರೀತಿತ್ತು. ಆ ಬಾಗಿಲಿನ ಲೈಟಿಗೆ ಹೋಗುವ ವೈರು ಕೀಲಿನ ಹತ್ತಿರ ಸವೆದು ತಾಮ್ರ ಕಾಣ್ತಿತ್ತು. "ಮಳೆ ನೀರು ಹೋಗಿ ಶಾರ್ಟ್ ಆಗಿದೆ" ಅಂತ ಎಲ್ಲರೂ ಹೇಳ್ತಿದ್ದರು. ಆದರೆ ಮಳೆ ನೀರು ಒಳ್ಳೆ ವಾಹಕವೇ ಅಲ್ಲ, 12 ವೋಲ್ಟಿನಲ್ಲಿ ಅದರಿಂದ 10 ಆಂಪಿಯರ್ ಹರಿಯಲ್ಲ. ನೀರು ಮಾಡೋದು ನಿಧಾನದ ಕೆಲಸ, ಕನೆಕ್ಟರಿಗೆ ಹಸಿರು ಕಿಲುಬು ಹಿಡಿಸೋದು. ಕೀಲು, ಛಾವಣಿ ಲೈಟಿನ ಸ್ಕ್ರೂ, ಇಲಿ ಕಡಿಯುವ ಡ್ಯಾಶ್‌ಬೋರ್ಡಿನ ಕೆಳಭಾಗ: ಇವನ್ನು ಮೊದಲು ನೋಡಿ.

ಅಲ್ಲಿನ ತೇವಕ್ಕೆ ಟೇಪಿನ ಅಂಟು ನಿಲ್ಲಲ್ಲ. ಬೆಸುಗೆ ಹಾಕಿ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ, ತಗಡಿನ ತೂತಿಗೆ ರಬ್ಬರ್ ಬುಷ್ ಕೂರಿಸಿ. ಆಮೇಲೆ ಟೆಸ್ಟ್ ಬಲ್ಬು ಇನ್ನೂ ಇರುವಾಗಲೇ ಪ್ರತಿ ಬಾಗಿಲನ್ನೂ ಹತ್ತು ಸಲ ತೆರೆದು ಹಾಕಿ. ಒಮ್ಮೆಯೂ ಮಿನುಗದಿದ್ದರೆ ಕೆಂಪು 10ರ ಫ್ಯೂಸ್ ಹಾಕಬಹುದು.