ಮಂಜಿಗೆ ಹಳದಿಯೋ, ಬಿಳಿಯೋ?

ಪ್ರಶ್ನೆ: ಮಳೆಗಾಲದಲ್ಲೂ ಮೂಡಿಗೆರೆಯಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಹೋಗಿಬರಬೇಕು. ಕಾರಿಗೆ ಎಲ್‌ಇಡಿ ಫಾಗ್ ಲೈಟ್ ಹಾಕಿಸುವುದಾದರೆ ಯಾವ ಬಣ್ಣ ಒಳ್ಳೆಯದು ಸರ್?

ಉತ್ತರ: ನಿಮ್ಮ ದಾರಿಗೆ ಹಳದಿಯೇ ಇರಲಿ. ಆದರೆ ಅದು ಮಂಜನ್ನು ಸೀಳಿಕೊಂಡು ಹೋಗುತ್ತದೆ ಎಂಬ ಅಂಗಡಿಯವರ ಮಾತನ್ನು ನಂಬಬೇಡಿ. ಮಂಜಿನ ಹನಿಗಳು ಬೆಳಕಿನ ತರಂಗಕ್ಕಿಂತ ಬಹಳ ದೊಡ್ಡವು. ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತವೆ. ಹಳದಿಯ ಲಾಭವಿರುವುದು ಕಣ್ಣಿಗೆ. 6000 ಕೆಲ್ವಿನ್‌ನ ಬಿಳಿ ಎಲ್‌ಇಡಿಯಲ್ಲಿ ನೀಲಿಯಂಶ ಜಾಸ್ತಿ. ಮಂಜಿಗೆ ಬಡಿದು ವಾಪಸಾದಾಗ ಕಣ್ಣು ಕುಕ್ಕುತ್ತದೆ. 3000 ಕೆಲ್ವಿನ್ ಆಸುಪಾಸಿನ ಹಳದಿಯಲ್ಲಿ ಈ ಕಾಟ ಕಡಿಮೆ.

ಬಣ್ಣಕ್ಕಿಂತ ಮುಖ್ಯವಾದದ್ದು ಬೆಳಕು ಬೀಳುವ ರೀತಿ. ದೀಪ ಬಂಪರಿನಲ್ಲಿ ತಗ್ಗಿನಲ್ಲಿರಬೇಕು. ಬೆಳಕು ಅಗಲವಾಗಿ ಹರಡಿ, ಮೇಲಂಚು ಗೆರೆ ಎಳೆದಂತೆ ಕತ್ತರಿಸಿರಬೇಕು. ಗೋಡೆಯಿಂದ 25 ಅಡಿ ದೂರದಲ್ಲಿ ಸಮನೆಲದ ಮೇಲೆ ಕಾರು ನಿಲ್ಲಿಸಿ ನೋಡಿ: ಆ ಅಂಚು ದೀಪದ ಮಧ್ಯಬಿಂದುವಿಗಿಂತ ಸುಮಾರು 4 ಇಂಚು ಕೆಳಗಿರಲಿ. ಹ್ಯಾಲೊಜನ್‌ಗೆಂದು ಮಾಡಿದ ದೀಪದ ಗೂಡಿಗೆ ಬರೀ ಎಲ್‌ಇಡಿ ಬಲ್ಬ್ ತುರುಕಿದರೆ ಬೆಳಕು ಚೆಲ್ಲಾಪಿಲ್ಲಿಯಾಗಿ ಎದುರಿನವರ ಕಣ್ಣಿಗೇ ಹೊಡೆಯುತ್ತದೆ. ಪೂರ್ತಿ ಸೆಟ್ ಕೊಳ್ಳಿ. ವೈರಿಂಗಿಗೆ ರಿಲೇ, ಫ್ಯೂಸ್ ಇರಲೇಬೇಕು.

ಮಂಜಿನಲ್ಲಿ ಹೈಬೀಮ್ ಬೇಡ. ಮಂಜು ಸರಿದ ಮೇಲೆ ಫಾಗ್ ಲೈಟ್ ಆರಿಸಿ. ಯಾವ ಬಣ್ಣವಾದರೂ ಅದು ತೋರಿಸುವುದು ಮುಂದಿನ ಕೆಲವೇ ಮೀಟರು. ಕಾಣುವಷ್ಟು ದೂರದೊಳಗೆ ನಿಲ್ಲಿಸಬಹುದಾದ ವೇಗದಲ್ಲೇ ಹೋಗಿ.