ಜೀವಕೋಶದ ಪೊರೆಗಳೂ ಲಿಪಿಡ್‌ಗಳ ಸಾಗಣೆಯೂ

ಅಗಲವಾದ ತಟ್ಟೆಯಲ್ಲಿ ನೀರು ತುಂಬಿ, ಅದರ ಮೇಲೆ ನುಣ್ಣನೆಯ ಪುಡಿಯನ್ನು ಉದುರಿಸಿ, ನಡುವೆ ಹರಳೆಣ್ಣೆಯ ಸಣ್ಣದೊಂದು ಹನಿಯನ್ನು ಬಿಟ್ಟರೆ, ಪುಡಿಯು ಥಟ್ಟನೆ ಅಂಚಿಗೆ ಸರಿದು ನಿಲ್ಲುತ್ತದೆ. ಎಣ್ಣೆಯು ಅತ್ಯಂತ ತೆಳುವಾದ ಪದರವಾಗಿ ಹರಡಿತೆಂಬುದಕ್ಕೆ ಇದೇ ಸಾಕ್ಷಿ. ಅಣುವಿನ ಗಾತ್ರವನ್ನು ಅಂದಾಜು ಮಾಡುವುದಕ್ಕಾಗಿ ಆನೇಕಲ್ಲಿನ ನಮ್ಮ ಕಾಲೇಜಿನಲ್ಲಿ ಪ್ರತಿವರ್ಷವೂ ನಾನು ಈ ಪ್ರಯೋಗವನ್ನು ಮಾಡಿ ತೋರಿಸುವುದುಂಟು. ಈ ವರ್ಷ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸಾರ್, ಜೀವಕೋಶದ ಪೊರೆಯೂ ಇಂಥದೇ ಜಿಡ್ಡಿನ ಪದರವೆಂದು ಜೀವಶಾಸ್ತ್ರದಲ್ಲಿ ಓದಿದ್ದೇವೆ. ಅದು ಇಷ್ಟು ಬೇಗ ಹರಡುವುದಾದರೆ ಕೋಶದೊಳಗಿನ ಪೊರೆಗಳೆಲ್ಲ ಬೆರೆತು ಒಂದೇ ಆಗಿಹೋಗುವುದಿಲ್ಲವೆ?" ಎಂದು ಕೇಳಿದಳು. ಅಂದು ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಅನಂತರ ಓದಿ ತಿಳಿದುದನ್ನು ಇಲ್ಲಿ ವಾಚಕರ ಮುಂದಿಡುತ್ತೇನೆ.

ಪೊರೆಯ ಮುಖ್ಯ ದ್ರವ್ಯವಾದ ಲಿಪಿಡ್ ಅಣುವಿಗೆ ನೀರನ್ನು ಬಯಸುವ ತಲೆಯೊಂದು, ನೀರಿಗೆ ವಿಮುಖವಾದ ಎರಡು ಬಾಲಗಳು. ಇಂಥ ಅಣುಗಳು ಬಾಲಗಳನ್ನು ಒಳಕ್ಕೂ ತಲೆಗಳನ್ನು ಹೊರಕ್ಕೂ ಮಾಡಿಕೊಂಡು ಎರಡು ಸಾಲಾಗಿ ನಿಲ್ಲುತ್ತವೆ. 1925ರಲ್ಲಿ ಹಾಲೆಂಡಿನ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬವರು ಕೆಂಪು ರಕ್ತಕಣಗಳಿಂದ ಲಿಪಿಡನ್ನು ತೆಗೆದು ನೀರಿನ ಮೇಲೆ ಹರಡಿ ಅಳೆದಾಗ, ಅದರ ವಿಸ್ತಾರವು ಕಣಗಳ ಮೇಲ್ಮೈಗಿಂತ ಎರಡರಷ್ಟಾಯಿತು. ಪೊರೆಯಲ್ಲಿ ಎರಡು ಪದರಗಳಿವೆಯೆಂದು ಅವರು ತೀರ್ಮಾನಿಸಿದರು. ಅವರು ಲಿಪಿಡನ್ನು ಪೂರ್ತಿಯಾಗಿ ತೆಗೆದಿರಲಿಲ್ಲ. ಕಣದ ಮೇಲ್ಮೈಯನ್ನೂ ಕಡಮೆಯಾಗಿ ಎಣಿಸಿದ್ದರು. ಎರಡು ತಪ್ಪುಗಳು ಒಂದನ್ನೊಂದು ಸರಿದೂಗಿಸಿ ನಿಜವಾದ ಉತ್ತರವೇ ಬಂದಿತು! ಪ್ರಯೋಗಶಾಲೆಯಲ್ಲಿ ಇಂಥ ಅದೃಷ್ಟವನ್ನು ನಂಬಿ ಕೂಡಬಾರದೆಂದು ವಿದ್ಯಾರ್ಥಿಗಳಿಗೆ ಬೇರೆ ಹೇಳಬೇಕಾಗಿಲ್ಲ.

ಈ ಪದರ ಗಟ್ಟಿಯಾದ ಗೋಡೆಯಲ್ಲ, ದ್ರವದಂಥದು. ಕೋಶದ ಹೊರಪೊರೆಯಲ್ಲಿ ಲಿಪಿಡ್ ಅಣುವಿನ ವಿಸರಣಾಂಕವು ಸೆಕೆಂಡಿಗೆ ಸುಮಾರು 1 ಚದರ ಮೈಕ್ರೊಮೀಟರ್ ಎಂದಿಟ್ಟುಕೊಂಡರೆ, 7 ಮೈಕ್ರೊಮೀಟರಿನಷ್ಟು ದೂರ ಅಲೆಯುವುದಕ್ಕೆ ಹನ್ನೆರಡು ಸೆಕೆಂಡುಗಳು ಸಾಕು. ಆದರೂ ಕೋಶದ ಪೊರೆಗಳು ಒಂದೇ ಬಗೆಯವಾಗಿಲ್ಲ. ಹೊರಪೊರೆಯ ಲಿಪಿಡ್ ಅಣುಗಳಲ್ಲಿ ನೂರಕ್ಕೆ ಮೂವತ್ತು ನಲವತ್ತು ಕೊಲೆಸ್ಟರಾಲ್ ಆಗಿದ್ದರೆ, ಒಳಗಿನ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಗಳ ಜಾಲದಲ್ಲಿ ಅದು ನೂರಕ್ಕೆ ಐದರ ಆಸುಪಾಸಿನಲ್ಲಿರುತ್ತದೆ. ಬರೆಯುವ ಅನುಕೂಲಕ್ಕಾಗಿ ಈ ರೆಟಿಕ್ಯುಲಮನ್ನು ಮುಂದೆ 'ಒಳಜಾಲ'ವೆಂದೇ ಕರೆಯೋಣ.

ವಿದ್ಯಾರ್ಥಿನಿಯ ಪ್ರಶ್ನೆಗೆ ಅರ್ಧ ಉತ್ತರ ಸುಲಭ. ಒಂದೊಂದು ಪೊರೆಯೂ ಬಾಯಿ ಮುಚ್ಚಿದ ಚೀಲ. ಒಂದು ಚೀಲಕ್ಕೂ ಇನ್ನೊಂದಕ್ಕೂ ನಡುವೆ ನೀರು. ಜಿಡ್ಡಿನ ಬಾಲವುಳ್ಳ ಅಣು ತಾನಾಗಿ ಪೊರೆಯನ್ನು ಬಿಟ್ಟು ನೀರಿಗೆ ಇಳಿಯಬೇಕಾದರೆ ಗಂಟೆಗಳು, ಕೆಲವು ಜಾತಿಗಳಿಗೆ ದಿನಗಳೇ ಹಿಡಿಯುತ್ತವೆ. ಆದುದರಿಂದ ಅವು ಬೆರೆಯುವುದಿಲ್ಲ. ಆದರೆ ತೊಡಕು ಇರುವುದೂ ಇಲ್ಲಿಯೇ. ಕೋಶದ ಬಹುಪಾಲು ಲಿಪಿಡ್‌ಗಳು ತಯಾರಾಗುವುದು ಒಳಜಾಲದಲ್ಲಿ, ಬೇಕಾಗಿರುವುದು ಎಲ್ಲೆಡೆಯಲ್ಲಿ. ಬೆರೆಯದಂತೆ ತಡೆದ ನೀರೇ ತಲುಪದಂತೆಯೂ ತಡೆಯುತ್ತದೆಯಲ್ಲವೆ?

ಆದಕಾರಣ ಕೋಶವು ಸಾಗಣೆಯ ಏರ್ಪಾಡುಗಳನ್ನು ಮಾಡಿಕೊಂಡಿದೆ. ಪೊರೆಯ ಒಂದು ತುಣುಕೇ ಗುಳ್ಳೆಯಾಗಿ ಕಳಚಿ ಇನ್ನೊಂದು ಪೊರೆಗೆ ಸೇರಿಕೊಳ್ಳುವುದು ಒಂದು ವಿಧಾನ. ಇದರ ಯಂತ್ರಾಂಗವನ್ನು ಬಿಡಿಸಿದ ಶೆಕ್‌ಮನ್, ರಾತ್‌ಮನ್ ಮತ್ತು ಸೂಡಾಫ್ ಅವರಿಗೆ 2013ರಲ್ಲಿ ನೊಬೆಲ್ ಬಹುಮಾನ ಸಂದಿತು. ಒಂದೇ ಪೊರೆಯ ಹೊರಸಾಲಿನಿಂದ ಒಳಸಾಲಿಗೆ ಅಣುಗಳನ್ನು ಮಗುಚಿ ಹಾಕುವ ಪ್ರೋಟೀನುಗಳೂ ಇವೆ; ಅವು ಆ ಕೆಲಸಕ್ಕೆ ಎ.ಟಿ.ಪಿ. ಎಂಬ ಇಂಧನವನ್ನು ವೆಚ್ಚಮಾಡುತ್ತವೆ. ಮೂರನೆಯ ವಿಧಾನವೇ ನನ್ನ ಮನಸ್ಸನ್ನು ಹಿಡಿದುದು. ಅದರಲ್ಲಿ ಒಂದು ಪ್ರೋಟೀನು ಒಂದೊಂದೇ ಲಿಪಿಡ್ ಅಣುವನ್ನು ತನ್ನ ಹೊಟ್ಟೆಯ ಪೊಳ್ಳಿನಲ್ಲಿ ಅಡಗಿಸಿಕೊಂಡು ನೀರನ್ನು ದಾಟಿಸುತ್ತದೆ. ಈ ವಿಷಯದಲ್ಲಿ ಮಹತ್ತ್ವದ ಕೆಲಸ ನಡೆದಿರುವುದು ನಮ್ಮ ಬೆಂಗಳೂರಿನಲ್ಲಿಯೇ, ಬಾಳೆಹಣ್ಣಿನ ಗೊನೆಗೆ ಮುತ್ತುವ ಪುಟ್ಟ ನೊಣದ ಕಣ್ಣಿನ ಮೇಲೆ.

ಈ ಕಥೆ ಅಮೆರಿಕದಲ್ಲಿ ಆರಂಭವಾಗುತ್ತದೆ. ಸೀಮೂರ್ ಬೆನ್ಜರ್ ಎಂಬವರು ಮೊದಲು ಘನಸ್ಥಿತಿ ಭೌತವಿಜ್ಞಾನಿ. ಅನಂತರ ಜೀವಶಾಸ್ತ್ರಕ್ಕೆ ಬಂದವರು. (ನಮ್ಮ ಶಾಸ್ತ್ರವನ್ನು ಬಿಟ್ಟುಹೋದವರನ್ನು ಕ್ಷಮಿಸಬಹುದು, ಇಂಥ ಕೆಲಸ ಮಾಡುವುದಾದರೆ.) 1960ರ ದಶಕದ ಕೊನೆಯಲ್ಲಿ ಅವರೂ ಯೋಶಿಕಿ ಹೊಟ್ಟ ಅವರೂ ಬೆಳಕಿಗೆ ಸರಿಯಾಗಿ ಸ್ಪಂದಿಸದ ಡ್ರೊಸೊಫಿಲ ನೊಣಗಳನ್ನು ಆರಿಸಿ ತಳಿಗಳನ್ನು ಬೆಳೆಸಿದರು. ಅಂಥ ತಳಿಗಳಲ್ಲೊಂದು 'ಆರ್.ಡಿ.ಜಿ.ಬಿ.' ಈ ನೊಣ ಹುಟ್ಟಿದಾಗ ಕಣ್ಣು ಹೆಚ್ಚುಕಡಮೆ ನೆಟ್ಟಗಿರುತ್ತದೆ; ಬೆಳಕಿನಲ್ಲಿಟ್ಟರೆ ಕೆಲವೇ ದಿನಗಳಲ್ಲಿ ಅಕ್ಷಿಪಟಲದ ಕೋಶಗಳು ಕ್ಷಯಿಸುತ್ತವೆ; ಕತ್ತಲೆಯಲ್ಲಿ ಸಾಕಿದರೆ ಆ ಕ್ಷಯ ಬಹಳ ನಿಧಾನವಾಗುತ್ತದೆ. ನೋಡುವುದೇ ಕಣ್ಣಿಗೆ ಮುಳುವಾಯಿತು. ಕೆಟ್ಟಿದ್ದ ಜೀನ್ ಲಿಪಿಡ್ ಸಾಗಿಸುವ ಪ್ರೋಟೀನಿನದೆಂಬುದು 1990ರ ದಶಕದ ಆದಿಯಲ್ಲಿ ಹೊರಬಿದ್ದಿತು.

ಬೆನ್ಜರ್ ಅವರೊಡನೆ ನೊಣಗಳ ಮೇಲೆ ಕೆಲಸ ಮಾಡಿದ್ದ ಒಬೈದ್ ಸಿದ್ದಿಕಿಯವರು ಮುಂದೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರವನ್ನು ಕಟ್ಟಿದರು. ನಗರದ ದಕ್ಷಿಣದಲ್ಲಿರುವ ಆನೇಕಲ್ಲಿಗೆ ಅದು ನೇರ ಎದುರು ದಿಕ್ಕು. ಹೆಬ್ಬಾಳವನ್ನು ದಾಟಿ ಕೃಷಿ ವಿಶ್ವವಿದ್ಯಾನಿಲಯದ ಆವರಣಕ್ಕೆ ಹೋಗಬೇಕು. ಅಲ್ಲಿ ಪಡಿಂಜಾಟ್ ರಘು ಅವರೂ ಅವರ ಸಹೋದ್ಯೋಗಿಗಳೂ ಈ ಪ್ರೋಟೀನಿನ ವ್ಯವಹಾರವನ್ನು ಬಿಡಿಸುತ್ತ ಬಂದಿದ್ದಾರೆ.

ನೊಣದ ಕಣ್ಣಿಗೆ ಬೆಳಕು ಬಿದ್ದಾಗ ಹೊರಪೊರೆಯಲ್ಲಿರುವ, ಪಿ.ಐ.ಪಿ.-2 ಎಂಬ ವಿರಳವಾದ ಲಿಪಿಡನ್ನು ಕಿಣ್ವವೊಂದು ಸೀಳುತ್ತದೆ. ಅದರಿಂದ ವಿದ್ಯುತ್ ಸಂಕೇತ ಹುಟ್ಟುತ್ತದೆ. ಹಗಲೆಲ್ಲ ಬೆಳಕು ಬೀಳುತ್ತಲೇ ಇದ್ದರೆ ಈ ದಾಸ್ತಾನು ಬರಿದಾಗುವುದು ಸಹಜ. ಸೀಳಿದ ಚೂರು ಫಾಸ್ಫಾಟಿಡಿಕ್ ಆಮ್ಲವಾಗಿ ಒಳಜಾಲಕ್ಕೆ ಹಿಂದಿರುಗಬೇಕು. ಅಲ್ಲಿ ಅದರಿಂದ ಫಾಸ್ಫಾಟಿಡಿಲ್ ಇನೋಸಿಟಾಲ್ ತಯಾರಾಗಿ ಹೊರಪೊರೆಗೆ ಮರಳಿ ಬರಬೇಕು. ಬೆಂಗಳೂರಿನ ಗುಂಪು ಲಂಡನ್ನಿನ ಶಾಮ್‌ಶದ್ ಕಾಕ್‌ಕ್ರಾಫ್ಟ್ ಅವರೊಡನೆ ಸೇರಿ 2015ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಆರ್.ಡಿ.ಜಿ.ಬಿ. ಪ್ರೋಟೀನು ಈ ಎರಡು ಲಿಪಿಡ್‌ಗಳನ್ನೂ ಹಿಡಿದು ಸಾಗಿಸಬಲ್ಲುದು. ಬೊಮ್ಮಸಂದ್ರದ ಕಾರ್ಖಾನೆಗೆ ಸರಕು ಇಳಿಸಿ ಬೇರೊಂದು ಸರಕನ್ನು ಹೇರಿಕೊಂಡೇ ಹಿಂದಿರುಗುವ ಲಾರಿಯಂತೆ ಎನ್ನೋಣ. ಒಂದು ವ್ಯತ್ಯಾಸವುಂಟು: ಈ ದಾಟುವಿಕೆಗೆ ಪ್ರೋಟೀನು ಇಂಧನವನ್ನು ಸುಡುವುದಿಲ್ಲ. ಒಂದು ಲಿಪಿಡ್ ಒಳಜಾಲದಲ್ಲಿ ಹುಟ್ಟುತ್ತ ಹೊರಪೊರೆಯಲ್ಲಿ ಖರ್ಚಾಗುತ್ತಿರುವುದರಿಂದ, ಹೆಚ್ಚಿರುವ ಕಡೆಯಿಂದ ಕಡಮೆಯ ಕಡೆಗೆ ಹರಿವು ತಾನಾಗಿಯೇ ಏರ್ಪಡುತ್ತದೆ. ಇಂಧನದ ವೆಚ್ಚವೆಲ್ಲ ಎರಡು ಕೊನೆಗಳ ರಾಸಾಯನಿಕ ಕ್ರಿಯೆಗಳಲ್ಲಿ.

ಇನ್ನು ದೂರದ ಮಾತು. ನೊಣದ ಈ ಕೋಶದಲ್ಲಿ ಒಳಜಾಲದ ಒಂದು ಭಾಗ ಹೊರಪೊರೆಗೆ ಸುಮಾರು 10 ನ್ಯಾನೊಮೀಟರಿನಷ್ಟು ಹತ್ತಿರ ಬಂದು ನಿಂತಿದೆ. ವಿಸರಣದಲ್ಲಿ ಕಾಲವು ದೂರದ ವರ್ಗಕ್ಕೆ ಅನುಪಾತದಲ್ಲಿರುತ್ತದೆಯಷ್ಟೆ. ಈ ಅಂತರವು 5 ಮೈಕ್ರೊಮೀಟರ್ ಆಗಿದ್ದರೆ ದೂರ 500 ಪಟ್ಟು, ಕಾಲ 2,50,000 ಪಟ್ಟು ಹೆಚ್ಚುತ್ತಿತ್ತು. ಆದುದರಿಂದ ಪ್ರೋಟೀನು ಸರಿಯಾದ ಜಾಗದಲ್ಲಿ ನಿಂತಿರುವುದೇ ಅರ್ಧ ಕೆಲಸ. ಅದನ್ನು ಅಲ್ಲಿ ಕಟ್ಟಿಹಾಕುವುದು ಒಳಜಾಲದ ಮೇಲಿರುವ 'ವ್ಯಾಪ್' ಎಂಬ ಇನ್ನೊಂದು ಪ್ರೋಟೀನು. ಈ ಕಟ್ಟನ್ನು ಬಿಚ್ಚಿದರೆ ಆರ್.ಡಿ.ಜಿ.ಬಿ. ತನ್ನ ಸ್ಥಾನದಿಂದ ಚದರಿ, ಸಾಗಣೆಯ ಕೆಲಸವೂ ಕುಂದುತ್ತದೆಂದು ಬೆಂಗಳೂರಿನ ಗುಂಪು 2018ರಲ್ಲಿ ತೋರಿಸಿತು.

ನೊಣದ ಕಣ್ಣಿನಿಂದ ನಮಗೇನಾಗಬೇಕೆಂದು ಕೇಳುವವರಿರಬಹುದು. ಮನುಷ್ಯರಲ್ಲಿಯೂ ಲಿಪಿಡ್ ಸಾಗಣೆ ಕೆಟ್ಟಾಗ ಬರುವ ರೋಗಗಳುಂಟು. ನೀಮನ್-ಪಿಕ್ ಸಿ ಎಂಬುದರಲ್ಲಿ ಕೊಲೆಸ್ಟರಾಲ್ ಕೋಶದ ಜೀರ್ಣಚೀಲಗಳಿಂದ ಹೊರಬರಲಾರದೆ ತುಂಬಿಕೊಂಡು, ಎಳೆಯ ಮಕ್ಕಳ ಮಿದುಳೇ ಹಾಳಾಗುತ್ತದೆ. ಅದರ ಮುಖ್ಯ ಜೀನನ್ನು ಗುರುತಿಸಿದುದು 1997ರಲ್ಲಿ. ಅದೇ ವರ್ಷ ಇನ್ನೊಂದು ಪ್ರಯೋಗವೂ ಪ್ರಕಟವಾಯಿತು. ಆರ್.ಡಿ.ಜಿ.ಬಿ.ಯನ್ನು ಹೋಲುವ ಸಸ್ತನಿಗಳ ಜೀನೊಂದನ್ನು ಆ ರೋಗಿಷ್ಠ ನೊಣದ ಕಣ್ಣಿನಲ್ಲಿ ಕೆಲಸಮಾಡುವಂತೆ ಸೇರಿಸಿ ನೋಡಿದರು. ಬೆಳಕಿನಲ್ಲಿಟ್ಟರೂ ಆ ನೊಣಗಳ ಕಣ್ಣು ಕ್ಷಯಿಸಲಿಲ್ಲ.