'ಫ್ಯೂ' ಅಲ್ಲ, 'ಎ ಫ್ಯೂ': ಇಂಟರ್‌ವ್ಯೂಗೆ ಮುನ್ನ ಕಲಿಯಬೇಕಾದ ಸೂತ್ರಗಳು

ಮಣಿಪಾಲದ ಕ್ಲಾಸಿರಲಿ, ಉಡುಪಿಯ ಆಫೀಸಿರಲಿ, 'ಸರ್, ಐ ಹ್ಯಾವ್ ಫ್ಯೂ ಡೌಟ್ಸ್' ಎಂಬ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಹೇಳುವವರ ಮನಸ್ಸಿನಲ್ಲಿರುವುದು 'ಕೆಲವು ಪ್ರಶ್ನೆಗಳಿವೆ' ಎಂದು. ಇಂಗ್ಲಿಷ್ ಬಲ್ಲ ಮ್ಯಾನೇಜರ್‌ಗೆ ಕೇಳಿಸುವುದು 'ಡೌಟೇನೂ ಹೆಚ್ಚಿಲ್ಲ' ಎಂದು. ನೀವು ಉತ್ತರಕ್ಕೆ ಕಾಯುತ್ತೀರಿ, ಅವರು ಮುಂದಿನ ಸ್ಲೈಡಿಗೆ ಹೋಗಿರುತ್ತಾರೆ!

1. 'ಎ' ನುಂಗಬೇಡಿ.
ಕೆಲವು ಇವೆ ಎನ್ನಬೇಕಾದರೆ 'ಎ ಫ್ಯೂ'. ಇಲ್ಲವೆನ್ನುವಷ್ಟು ಕಡಿಮೆ ಎನ್ನಬೇಕಾದರೆ ಬರೀ 'ಫ್ಯೂ'. ನಾವು ಎಡವಲು ಕಾರಣವಿದೆ: ಕನ್ನಡದಲ್ಲಿ 'ಜನ ಜಾಸ್ತಿ ಇಲ್ಲ' ಎನ್ನುವಾಗ 'ಇಲ್ಲ' ಕೊನೆಯಲ್ಲಿ ಎದ್ದು ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ಆ 'ಇಲ್ಲ' ಅಡಗಿರುವುದು 'ಎ' ಕಾಣೆಯಾದ ಜಾಗದಲ್ಲಿ. ಉದಾಹರಣೆಗೆ, 1901ರಲ್ಲಿ ಕಟ್ಟಿದ ಕಾಪುವಿನ ಲೈಟ್‌ಹೌಸ್ ನೋಡಿ. 'ಎ ಫ್ಯೂ ಪೀಪಲ್ ಆರ್ ಕ್ಲೈಂಬಿಂಗ್ ಇಟ್' ಎಂದರೆ ಕೆಲವರು ಹತ್ತುತ್ತಿದ್ದಾರೆ, ಬನ್ನಿ ನಾವೂ ಹತ್ತೋಣ. 'ಎ' ತೆಗೆದರೆ, ಅಲ್ಲಿ ಜನವೇ ಇಲ್ಲ. ಅಂದಹಾಗೆ, 'ಡೌಟ್ಸ್' ಬಿಟ್ಟು 'ಕ್ವೆಶ್ಚನ್ಸ್' ಎನ್ನಿ. ವಿದೇಶಿ ಕ್ಲೈಂಟ್‌ಗೆ 'ಡೌಟ್' ಎಂದರೆ ಅಪನಂಬಿಕೆ.

2. ಎಣಿಸಲಾಗದ್ದಕ್ಕೆ 'ಎ ಲಿಟಲ್' ಬಳಸಿ.
ಹಣ, ಸಮಯ, ಅನುಭವಗಳಿಗೆ 'ಫ್ಯೂ' ಹೊಂದುವುದಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಕಟ್ಟಿಸಿಕೊಳ್ಳುತ್ತಿದ್ದರು. ಅದು 'ಸೇವಿಂಗ್ ಎ ಲಿಟಲ್ ಎವ್ರಿ ಡೇ'. 'ಎ' ಬಿಟ್ಟು ಹೇಳಿದರೆ ಉಳಿತಾಯವೇ ಆಗಲಿಲ್ಲವೆಂದು ಅರ್ಥ. ಇಂಟರ್‌ವ್ಯೂನಲ್ಲಿ 'ಐ ಹ್ಯಾವ್ ಲಿಟಲ್ ಎಕ್ಸ್‌ಪೀರಿಯನ್ಸ್' ಎಂದು ನಿಮ್ಮ ಅನುಭವವನ್ನು ನೀವೇ ಅಳಿಸಬೇಡಿ.

3. ಸಂಖ್ಯೆ ಗೊತ್ತಿದ್ದರೆ ಸಂಖ್ಯೆಯನ್ನೇ ಹೇಳಿ.
ಉಡುಪಿಯ ಮಠಗಳು ಎಂಟು, ಪರ್ಯಾಯ ಎರಡು ವರ್ಷಕ್ಕೊಮ್ಮೆ. ಕಾರ್ಕಳದ ಗೊಮ್ಮಟ 1432ರದ್ದು, ಎತ್ತರ ಸುಮಾರು 42 ಅಡಿ. ಇಲ್ಲೆಲ್ಲ 'ಎ ಫ್ಯೂ' ಯಾರಿಗೆ ಬೇಕು? ರೆಸ್ಯೂಮೆಯಲ್ಲೂ ಅಷ್ಟೆ. 'ಎ ಫ್ಯೂ ಪ್ರಾಜೆಕ್ಟ್ಸ್' ಎನ್ನುವ ಬದಲು 'ತ್ರೀ ಪ್ರಾಜೆಕ್ಟ್ಸ್' ಎಂದು ಬರೆಯಿರಿ. ಅಂಕಿ ಕಂಡಲ್ಲಿ ನಂಬಿಕೆ ಹುಟ್ಟುತ್ತದೆ.

4. 'ಕ್ವೈಟ್ ಎ ಫ್ಯೂ' ಕೇಳಿ ಮೋಸಹೋಗಬೇಡಿ.
ಅದರ ಅರ್ಥ 'ಸಾಕಷ್ಟು ಜಾಸ್ತಿ'. 'ಓನ್ಲಿ ಎ ಫ್ಯೂ' ಎಂದರೆ ಮತ್ತೆ ಕಡಿಮೆ. ತರ್ಕ ಹುಡುಕಬೇಡಿ, ಬಾಯಿಪಾಠ ಮಾಡಿ.

5. ಬರೀ 'ಫ್ಯೂ'ವನ್ನು ಬೇಕೆಂದೇ ಬಳಸಿ.
ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಮಲ್ಪೆ ಬಂದರಿನ ಬಗ್ಗೆ 'ಫ್ಯೂ ಬೋಟ್ಸ್ ಗೋ ಔಟ್' ಎಂದರೆ ಸರಿಯಾದ ಮಾತು. 'ವಿ ಗಾಟ್ ಫ್ಯೂ ಕಂಪ್ಲೇಂಟ್ಸ್' ಎಂದರೆ ನಿಮ್ಮ ಟೀಮಿಗೆ ಹೊಗಳಿಕೆ. ಅಲ್ಲಿ 'ಎ' ಸೇರಿಸಿದರೆ ಬಾಸ್ ಆ ದೂರುಗಳ ಪಟ್ಟಿ ಕೇಳುತ್ತಾರೆ.

6. ಹಳೆಯ ಮೇಲ್‌ಗಳನ್ನು ತಿದ್ದಿ.
ಸೆಂಟ್ ಬಾಕ್ಸ್ ತೆರೆದು 'ಫ್ಯೂ' ಎಂದು ಸರ್ಚ್ ಕೊಡಿ. ಸಿಕ್ಕ ಪ್ರತಿ ವಾಕ್ಯವನ್ನೂ 'ಇದೆ' ಎನ್ನಲು ಬರೆದದ್ದೋ, 'ಇಲ್ಲ' ಎನ್ನಲು ಬರೆದದ್ದೋ ಎಂದು ಕೇಳಿಕೊಳ್ಳಿ. ತಪ್ಪಿದ್ದರೆ ತಿದ್ದಿ, ಗಟ್ಟಿಯಾಗಿ ಓದಿ. ಈ ಕೆಲಸವನ್ನು ಇವತ್ತೇ ಮುಗಿಸಿ.